ಕಾಲೇಜು ಶಾಸನ ಸಂಪುಟಕ್ಕೆ ಒಂದು ಪೀಠಿಕೆ

ಕನ್ನಡ ನಾಡಿನ ಶಾಸನಗಳನ್ನು ಹುಡುಕಿಸಿ, ಓದಿಸಿ, ಹನ್ನೆರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅದಕ್ಕೂ ಮುನ್ನ ಬೆಂಗಳೂರಿನಲ್ಲಿ ಮೇಷ್ಟರಾಗಿದ್ದರು. 1858ರಲ್ಲಿ ಹುಟ್ಟಿ ಮುಂದೆ ಸೆಂಟ್ರಲ್ ಕಾಲೇಜ್ ಎಂದು ಹೆಸರಾದ ಹೈಸ್ಕೂಲಿಗೆ ಅವರು ಮುಖ್ಯಸ್ಥರಾಗಿ ಬಂದದ್ದು 1860ರಲ್ಲಿ. ಹಳೆಯ ಕಾಲೇಜಿನ ಮುಖ್ಯಸ್ಥಗಿರಿಗೂ ಕಲ್ಲಿನ ಮೇಲಿನ ಬರಹಕ್ಕೂ ಇರುವ ಈ ನಂಟನ್ನು ವಿದ್ವಾಂಸರು ಯಾಕೋ ಗಮನಿಸಿಲ್ಲ. ರೈಸ್ ಸಾಹೇಬರು ಒಂದೂವರೆ ಶತಮಾನ ತಡವಾಗಿ ಹುಟ್ಟಿದ್ದರೆ ಊರೂರು ಸುತ್ತುವ ತಾಪತ್ರಯವೇ ಇರುತ್ತಿರಲಿಲ್ಲ. ಹಳೇ ಮೈಸೂರಿನ ಯಾವುದಾದರೂ ಒಂದು ನೂರು ವರ್ಷದ ಕಾಲೇಜಿನ ಗೇಟಿನಿಂದ ಪೋರ್ಟಿಕೋವರೆಗೆ ನಡೆದರೆ ಒಂದು ಸಂಪುಟಕ್ಕಾಗುವಷ್ಟು ಸಾಮಗ್ರಿ ಸಿಕ್ಕುತ್ತಿತ್ತು.

ಪ್ರಸ್ತುತ ಅಧ್ಯಯನದ ವಸ್ತು ನವೀಕರಣ ಶಾಸನ. ಇದು ಕರಿಯ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿರುತ್ತದೆ. ಕಮಾನು, ಸಭಾಂಗಣ, ಕುಡಿಯುವ ನೀರಿನ ಘಟಕ, ಮಹಿಳೆಯರ ವಿಶ್ರಾಂತಿ ಕೊಠಡಿ, ಶೌಚಾಲಯ ಇವು ಶೋಧಸ್ಥಳಗಳು. ಪ್ರಾಚೀನ ದಾನಶಾಸನದಲ್ಲಿ ಮೊದಲು ದೊರೆಯ ಪ್ರಶಸ್ತಿ, ಆಮೇಲೆ ದಾನದ ವಿವರ, ಕೊನೆಗೆ ದಾನವನ್ನು ಕೆಡಿಸಿದವನಿಗೆ ಶಾಪ. ನವೀಕರಣ ಶಾಸನದಲ್ಲಿ ಪ್ರಶಸ್ತಿ ಭಾಗವೇ ಬೆಳೆದು ದಾನವನ್ನು ನುಂಗಿದೆ. ‘ಘನ ಉಪಸ್ಥಿತಿ’, ‘ಗೌರವ ಉಪಸ್ಥಿತಿ’, ‘ಅಧ್ಯಕ್ಷತೆ’, ‘ವಿಶೇಷ ಆಹ್ವಾನಿತರು’ ಎಂಬ ಪರಂಪರಾಗತ ಕ್ರಮದಲ್ಲಿ ಸಾಲುಗಳು ಇಳಿಯುತ್ತವೆ. ಕನ್ನಡದ ಚರಿತ್ರೆಯನ್ನೇ ಹೊತ್ತು ನಿಂತಿರುವ ಹಲ್ಮಿಡಿ ಶಾಸನ ಒಟ್ಟು 16 ಸಾಲು. ಸಾಧಾರಣ ಶೌಚಾಲಯದ ಫಲಕವೊಂದು ವಿಧಾನ ಪರಿಷತ್ ಸದಸ್ಯರ ಹೆಸರುಗಳನ್ನು ಮುಗಿಸುವುದರೊಳಗೆ ಅದನ್ನು ದಾಟಿರುತ್ತದೆ. ಶಾಪದ ಭಾಗ ಮಾತ್ರ ಲುಪ್ತವಾಗಿದೆ. ಫಲಕವನ್ನು ಕೆಡಿಸುವ ಕೆಲಸ ಮುಂದಿನ ಸರ್ಕಾರದ್ದೇ ಆದ್ದರಿಂದ, ಶಪಿಸುವುದು ಶಿಷ್ಟಾಚಾರಕ್ಕೆ ವಿರುದ್ಧ ಎಂದು ತೋರುತ್ತದೆ.

ಕಾಲನಿರ್ಣಯಕ್ಕೆ ಗೋಡೆಯನ್ನೇ ಓದಬೇಕು. ಎಲ್ಲಕ್ಕಿಂತ ಕೆಳಗಿನ ಪದರ ಸುಣ್ಣದ ಯುಗ. ಆ ಕಾಲದವರು ಸುಣ್ಣಕ್ಕೆ ಸುರ್ಕಿ, ಅಂದರೆ ಇಟ್ಟಿಗೆ ಪುಡಿ, ಬೆರೆಸಿ ಅರೆದು ಗಾರೆ ಮಾಡುತ್ತಿದ್ದರು. ಚಾವಣಿಗೆ ತೇಗದ ತೊಲೆಗಳನ್ನು ಹಾಸಿ, ತೆಳ್ಳನೆಯ ಇಟ್ಟಿಗೆಗಳನ್ನು ಓರೆಯಾಗಿ ಅಂಚಿನ ಮೇಲೆ ನಿಲ್ಲಿಸಿ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಹಾಕಿ ದಿನಗಟ್ಟಲೆ ಬಡಿಯುತ್ತಿದ್ದರು. ಮದ್ರಾಸ್ ತಾರಸಿ ಎಂದು ಅದರ ಹೆಸರು. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬಿಸಿಲಿಗೆ ಬಿಟ್ಟುಕೊಡುತ್ತದೆ. ಹೀಗೆ ತನ್ನ ಪಾಡಿಗೆ ತಾನು ಇರುವ ಗೋಡೆ ಶಾಸನಶಾಸ್ತ್ರಕ್ಕೆ ಶುದ್ಧ ಬಂಜರು.

ಎರಡನೆಯದು ಸಿಮೆಂಟ್ ಯುಗ. ನಮ್ಮ ಶಾಸ್ತ್ರದ ಸುವರ್ಣಕಾಲ. ಸುಣ್ಣದ ಗೋಡೆಗೆ ಸಿಮೆಂಟ್ ಗಿಲಾವು ಬಳಿದೊಡನೆ ಒಳಗಿನ ತೇವಕ್ಕೆ ಹೊರದಾರಿ ತಪ್ಪುತ್ತದೆ. ಅದು ಉಪ್ಪನ್ನು ಕರಗಿಸಿಕೊಂಡು ಮೇಲೇರುತ್ತದೆ. ಗಿಲಾವು ಉಬ್ಬುತ್ತದೆ, ಬಣ್ಣ ಹಕ್ಕಳೆ ಏಳುತ್ತದೆ, ಒಂದು ದಿನ ಪ್ರಾಂಶುಪಾಲರ ಕೊಠಡಿಯಲ್ಲೇ ಹಲಗೆಯಂತೆ ಕಳಚಿ ಬೀಳುತ್ತದೆ. ‘ಕಟ್ಟಡ ಶಿಥಿಲವಾಗಿದೆ’ ಎಂಬ ವರದಿ ಹೋಗುತ್ತದೆ. ಅನುದಾನ ಬರುತ್ತದೆ. ಮತ್ತೆ ಸಿಮೆಂಟ್, ಮತ್ತೆ ಫಲಕ. ಗೋಡೆಯನ್ನು ಕಾಯಲೆಂದು ಸಿಮೆಂಟ್ ಬಳಿಯುತ್ತಾರೆಂಬುದು ಪಾಮರರ ತಿಳಿವಳಿಕೆ. ಮುಂದಿನ ಶಾಸನಕ್ಕೆ ಬೀಜ ಬಿತ್ತುವುದೇ ಅದರ ಪ್ರಯೋಜನ ಎಂಬುದು ನಮ್ಮ ಸಿದ್ಧಾಂತ.

ಮೂರನೆಯ ಯುಗ ಈಗ ನಡೆಯುತ್ತಿರುವುದು. ಕಡಪ ಕಲ್ಲಿನ ನೆಲದ ಮೇಲೆ ಕಾಲು ಜಾರುವ ವಿಟ್ರಿಫೈಡ್ ಟೈಲ್ಸ್, ಕಲ್ಲುಕಂಬಕ್ಕೆ ಎ.ಸಿ.ಪಿ. ಎಂಬ ಅಲ್ಯೂಮಿನಿಯಂ ಹಲಗೆಯ ಹೊದಿಕೆ, ತೇಗದ ತೊಲೆಗಳ ಕೆಳಗೆ ಫಾಲ್ಸ್ ಸೀಲಿಂಗ್. ಸೋರುವುದು ಕಣ್ಣಿಗೆ ಬೀಳದಿದ್ದರೆ ಸೋರುತ್ತಿಲ್ಲ ಎಂಬುದು ಈ ಯುಗದ ದರ್ಶನ. ಇವಲ್ಲದೆ ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬರುವ ಮುನ್ನ ಬಳಿಯುವ ಬಣ್ಣದ ಪದರಗಳೂ ಉಂಟು. ಅವನ್ನು ಕೆರೆದು ಎಣಿಸಿದರೆ, ಮರದ ಕಾಂಡದ ಉಂಗುರಗಳನ್ನು ಎಣಿಸಿದಂತೆ, ಕಾಲೇಜಿಗೆ ಎಷ್ಟು ಸಲ ಮಾನ್ಯತೆಯ ಭಯ ಹಿಡಿದಿತ್ತೆಂದು ಹೇಳಬಹುದು.

ಇಲ್ಲಿ ಪೂರ್ವಪಕ್ಷಿಗಳು ತಕರಾರು ತೆಗೆಯುತ್ತಾರೆ. ಪ್ಯಾರಪೆಟ್ಟಿನ ಬಿರುಕಿನಲ್ಲಿ ಮೊಳೆತ ಅರಳಿ ಸಸಿಯನ್ನು ವರ್ಷಕ್ಕೊಮ್ಮೆ ಕಿತ್ತು, ಮಳೆನೀರಿನ ಪೈಪಿನೊಳಗಿನ ಎಲೆ ತೆಗೆದು, ಬಿರುಕಿಗೆ ಸುಣ್ಣದ ಗಾರೆಯನ್ನೇ ತುಂಬಿದರೆ ಇದ್ಯಾವುದೂ ಬೇಡ ಎಂಬುದು ಅವರ ವಾದ. 2022ರಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದುಬಿದ್ದದ್ದನ್ನೂ ಎತ್ತಿ ಆಡುತ್ತಾರೆ. ವಾದದಲ್ಲಿ ಹುರುಳಿದೆ, ಆದರೆ ಶಾಸ್ತ್ರವಿಲ್ಲ. ಅರಳಿ ಸಸಿ ಕೀಳುವುದಕ್ಕೆ ಮುಹೂರ್ತ ಇಡಲಾಗುತ್ತದೆಯೇ? ಪೈಪಿನ ಎಲೆ ತೆಗೆಯಲು ಯಾವ ಮಂತ್ರಿ ಬಂದಾರು? ಆ ಕೆಲಸಕ್ಕೆ ಬೇಕಾದದ್ದು ಒಂದು ಏಣಿ ಮತ್ತು ಒಬ್ಬ ಅಟೆಂಡರ್. ಏಣಿ ಎಲ್ಲ ಕಾಲೇಜಿನಲ್ಲೂ ಇದೆ. ಅಟೆಂಡರ್ ಹುದ್ದೆ ಖಾಲಿ ಇದೆ.

ಇನ್ನೊಬ್ಬ ಪೂರ್ವಪಕ್ಷಿ, ನಿವೃತ್ತ ಭೌತಶಾಸ್ತ್ರಜ್ಞರು, ಸಿ.ವಿ. ರಾಮನ್ ತಮ್ಮ ಹೊಸ ಶೋಧವನ್ನು ಸಭೆಯೆದುರು ವಿವರಿಸಿದ್ದು 1928ರ ಮಾರ್ಚ್ 16ರಂದು, ಇದೇ ಸೆಂಟ್ರಲ್ ಕಾಲೇಜಿನಲ್ಲಿ, ಸ್ಮಾರ್ಟ್ ಬೋರ್ಡಿನ ಹಂಗಿಲ್ಲದೆ ಎಂದರು. ಇರಬಹುದು. ಆದರೆ ಆ ದಿನ ಅಲ್ಲಿ ಯಾರೂ ಟೇಪು ಕತ್ತರಿಸಿದ ಪುರಾವೆ ಇಲ್ಲವಾದ್ದರಿಂದ ಈ ಘಟನೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ರೂವಾರಿಗಳ ಬಗ್ಗೆ ಒಂದು ಮಾತು. ಹೊಯ್ಸಳರ ಕಾಲದ ಮಲ್ಲಿತಮ್ಮ ತಾನು ಕಡೆದ ವಿಗ್ರಹದ ಪೀಠದಲ್ಲಿ ತನ್ನ ಹೆಸರು ಕೆತ್ತಿಕೊಂಡ. ನವೀಕರಣ ಶಾಸನದಲ್ಲಿ ಗಾರೆ ಕೆಲಸದವನ ಹೆಸರು ಎಲ್ಲೂ ದೊರೆತಿಲ್ಲ. ಕೆಲವೆಡೆ ಹಸಿ ಸಿಮೆಂಟಿನಲ್ಲಿ ಬೆರಳಿನಿಂದ ಗೀಚಿದ ಒಂದು ಹೆಸರು, ಪಕ್ಕದಲ್ಲಿ ಹೃದಯದ ಚಿಹ್ನೆ, ಮತ್ತೊಂದು ಹೆಸರು ಇವೆ. ಇವು ವಿದ್ಯಾರ್ಥಿಗಳವು ಎಂದು ಕೆಲವರ ಮತ, ಚರ್ಚೆ ಮುಂದುವರಿದಿದೆ.

ಈ ಪೀಠಿಕೆಯಲ್ಲಿ ಇತ್ತೀಚಿನ ಶಾಸನವೊಂದರ ಪಾಠ ಕೊಡಲಾಗಿಲ್ಲ. ನವೀಕೃತ ಗ್ರಂಥಾಲಯದ ಆ ಫಲಕಕ್ಕೆ ಇನ್ನೂ ವಸ್ತ್ರ ಹೊದಿಸಿದೆ. ಸಚಿವರ ದಿನಾಂಕ ಸಿಗುವ ತನಕ ಮುಂಬಾಗಿಲಿಗೆ ಬೀಗ. ಹುಡುಗರು ಹಿಂದಿನ ಕಿಟಕಿಯಿಂದ ಪುಸ್ತಕ ಪಡೆಯುತ್ತಿದ್ದಾರೆ. ವಸ್ತ್ರವನ್ನು ತುಸು ಎತ್ತಿ ಓದಲು ಅನುಮತಿ ಕೋರಿ ಅರ್ಜಿ ಕೊಟ್ಟಾಗ, ಅದು ಅನಾವರಣಕ್ಕೆ ಸಮವಾಗುತ್ತದೆ, ಹಾಗಾಗಿ ಅರ್ಜಿದಾರರ ಹೆಸರನ್ನೂ ಫಲಕದಲ್ಲಿ ಸೇರಿಸಬೇಕಾಗುತ್ತದೆ, ಅಷ್ಟು ಜಾಗ ಕಲ್ಲಿನಲ್ಲಿ ಉಳಿದಿಲ್ಲ ಎಂದು ಕಚೇರಿಯಿಂದ ಲಿಖಿತ ಉತ್ತರ ಬಂದಿದೆ.