ಏಳು ಜನ ಸಾಕು

ಸಂಘ ಕಟ್ಟಲು ನಮ್ಮಲ್ಲಿ ಏಳು ಜನ ಸಾಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯೇ ಹಾಗೆನ್ನುತ್ತದೆ. ರಾಯಚೂರಿನ ತೀನ್ ಕಂದೀಲ್ ಕಡೆ ಬೆಳಿಗ್ಗೆ ಯಾವ ಚಹಾದಂಗಡಿ ಮುಂದೆ ನಿಂತರೂ ಈ ಕೋರಂ ಸಲೀಸಾಗಿ ತುಂಬಿರುತ್ತದೆ. ದಿನಾ ಸಭೆ, ದಿನಾ ಠರಾವು. ಆದರೂ ಅವರು ರಿಜಿಸ್ಟರ್ ಮಾಡಿಸುವುದಿಲ್ಲ. ಮಾಡಿಸಿದರೆ ಅಧ್ಯಕ್ಷ ಯಾರೆಂಬ ಮಾತು ಬರುತ್ತದೆ, ಮರುದಿನದಿಂದ ಎರಡು ಅಂಗಡಿಗಳಲ್ಲಿ ಚಹಾ ಕುಡಿಯಬೇಕಾಗುತ್ತದೆ.

ಸಮಾಜಶಾಸ್ತ್ರದ ಪುಸ್ತಕಗಳು ಗುಂಪುಗಳನ್ನು ಪ್ರಾಥಮಿಕ, ದ್ವಿತೀಯ, ಔಪಚಾರಿಕ, ಅನೌಪಚಾರಿಕ ಎಂದೆಲ್ಲ ವಿಂಗಡಿಸುತ್ತವೆ. ಪರೀಕ್ಷೆಗೆ ಅದು ಬೇಕು. ಆದರೆ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಈ ವಿಂಗಡಣೆ ನಿಲ್ಲುವುದಿಲ್ಲ. ನೀರು ಬಳಕೆದಾರರ ಸಹಕಾರ ಸಂಘಕ್ಕೆ ಬೋರ್ಡು, ಶಿಕ್ಕಾ, ಲೆಕ್ಕದ ಪುಸ್ತಕ ಎಲ್ಲ ಇರುತ್ತವೆ. ಬೆಳೆ ಒಣಗತೊಡಗಿದಾಗ ಕೆಲಸಕ್ಕೆ ಬರುವುದು ಮಾತ್ರ ಹೆಗಲ ಮೇಲೆ ಟವೆಲ್ ಹಾಕಿಕೊಂಡು ರಾತ್ರಿ ಏರಿಯ ಮೇಲೆ ಕೂಡುವ ನಾಲ್ಕೈದು ಜನ. “ಮೈಲ್ 69ರಾಗ ಗೇಜ್ ಎಷ್ಟ್ ಐತಪಾ?” ಅಂತ ಒಬ್ಬ ಫೋನ್ ಹಚ್ಚುತ್ತಾನೆ. ಮೇಲಿನ ಭಾಗದವರು ಭತ್ತಕ್ಕೆ ನೀರು ಹರಿಸಿಕೊಂಡ ಮೇಲೆ ಕೊನೆಭಾಗಕ್ಕೆ ಎಷ್ಟು ಬಂತು ಎಂಬುದು ಆ ಅಡಿ ಲೆಕ್ಕದಲ್ಲಿ ತಿಳಿಯುತ್ತದೆ. ಗೇಜ್ ಇಳಿದರೆ ಪಕ್ಷ, ಜಾತಿ, ಹಳೇ ಬದುವಿನ ಜಗಳ ಎಲ್ಲ ಮರೆತು ಒಂದೇ ಟ್ರ್ಯಾಕ್ಟರ್ ಹತ್ತುತ್ತಾರೆ. ನೀರು ಬಂದ ಮೇಲೆ ಬದುವಿನ ಜಗಳ ಮತ್ತೆ ಶುರು!

ಹೆಂಗಸರ ಸ್ವಸಹಾಯ ಸಂಘಗಳು ಇದಕ್ಕಿಂತ ಗಟ್ಟಿ. ಅಲ್ಲಿ ಜಾಮೀನು ಎಂದರೆ ಅಕ್ಕಪಕ್ಕದ ಮನೆಯವರ ಕಣ್ಣು. ಒಬ್ಬಾಕೆ ಕಂತು ತಪ್ಪಿಸಿದರೆ ಉಳಿದವರೆಲ್ಲ ಆಕೆಯ ಕಟ್ಟೆಯ ಮೇಲೆ ಬಂದು ಕೂತು, “ನೀ ಕಟ್ಟೋಮಟ ನಾವು ಏಳಂಗಿಲ್ಲವಾ” ಎನ್ನುತ್ತಾರೆ. ಯಾವ ಬ್ಯಾಂಕಿನ ನೋಟಿಸಿಗೂ ಈ ಕಸುವಿಲ್ಲ. ಇದು ಕೆಲವೊಮ್ಮೆ ಕ್ರೂರವೂ ಹೌದು.

ದೇವದುರ್ಗದಿಂದ ಬೆಂಗಳೂರಿಗೆ ಗುಳೆ ಹೋಗುವವರದು ಇನ್ನೊಂದು ಬಗೆ. ಬೀಗರು, ಓಣಿಯವರು ಕೂಡಿ ಬಸ್ಸು ಹತ್ತಿ, ಕಟ್ಟಡದ ಪಕ್ಕದ ತಗಡಿನ ಶೆಡ್ಡುಗಳಲ್ಲೂ ಅದೇ ಓಣಿಯನ್ನು ಹೂಡುತ್ತಾರೆ. ಅವರ ಹೆಸರು ಯಾವ ಸಂಘದ ಪಟ್ಟಿಯಲ್ಲೂ ಇರುವುದಿಲ್ಲ.

ಗುಂಪಿಗೆ ಸೇರಲು ಒಲ್ಲೆ ಎಂದವರೂ ನಮ್ಮಲ್ಲಿದ್ದರು. ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುತ್ತ ತಿರುಗುವ ದಾಸಕೂಟವೆಂದರೆ ಅವರಿಗೆ ತಾತ್ಸಾರ. ಚೀಕಲಪರವಿಯ ವಿಜಯದಾಸರು ಊಟಕ್ಕೆ ಕರೆದರೆ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪದ ನೋವು ನಿಜವಾಗಿ ವರ್ಷಗಟ್ಟಲೆ ಕಾಡಿತಂತೆ. ಕಡೆಗೆ ದೇವದುರ್ಗ ಕಡೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದುಕೊಟ್ಟರೆಂದು ಐತಿಹ್ಯ. ಸದಸ್ಯರಿಂದ ವಂತಿಗೆ ಎತ್ತುವ ಸಂಘಗಳನ್ನು ಕಂಡಿದ್ದೇವೆ. ಸೇರುವವನಿಗೇ ಇಷ್ಟು ಕೊಟ್ಟ ಕೂಟ ಇನ್ನೊಂದಿರಲಿಕ್ಕಿಲ್ಲ. ಹಾಗೆ ಸೇರಿದ ಆಚಾರ್ಯರೇ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ಬರೆದರು, ಅದೂ ಕನ್ನಡದಲ್ಲೇ.