ಹಕ್ಕಿ ಮಾವ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಅನ್ನುತ್ತಾರೆ. ನಮ್ಮ ಊರಿನ ಹೆಸರಲ್ಲೇ ಸುಂಕ ಇದೆ: ಸುಂಕಸಾಳ. ಅಂಕೋಲೆಯಿಂದ ಹುಬ್ಬಳ್ಳಿ ಹೆದ್ದಾರಿ ಹಿಡಿದು ಹೊರಟರೆ ಅರಬೈಲ್ ಘಟ್ಟ ಹತ್ತುವ ಮೊದಲು ಸಿಗುತ್ತದೆ. ಮಳೆ ಹಿಂದೆ ಸರಿದು ನವರಾತ್ರಿ ಹತ್ತಿರವಾದಾಗ ಯಾರಿಗೂ ಸುಂಕ ಕೊಡದೆ ಇಲ್ಲಿಗೆ ಬಂದಿಳಿಯುವವು ವಲಸೆ ಹಕ್ಕಿಗಳು. ಅವುಗಳ ಬೆನ್ನಿಗೇ ಬೆಂಗಳೂರಿನ ರಾತ್ರಿ ಬಸ್ಸಿನಿಂದ ಇಳಿಯುವವನು ನನ್ನ ಸೋದರಮಾವ. ಹಕ್ಕಿಯ ಸುಖದುಃಖವಾದರೆ ಅವನು ಸುಂಕದವನನ್ನೂ ಹಿಡಿದು ನಿಲ್ಲಿಸಿ ಹೇಳಿಯಾನು.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ನೋಟು ಎಣಿಸಿ ನಿವೃತ್ತನಾದ ಮೇಲೆ ಕೈ ಸುಮ್ಮನಿರದೆ ಹಕ್ಕಿ ಎಣಿಸಲು ಶುರುಮಾಡಿದ. ದೀಕ್ಷೆ ಆದದ್ದು ಲಾಲ್‌ಬಾಗಿನಲ್ಲಿ. ಅಲ್ಲಿ ಜೋಸೆಫ್ ಜಾರ್ಜ್ ಮೊದಲಾದವರು 1970ರ ದಶಕದಲ್ಲಿ ಹಾಕಿಕೊಟ್ಟ ಒಂದು ಪದ್ಧತಿ ಇದೆ: ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವವರು ಸೇರಿ ನಡೆಯುವುದು. ಆ ಭಾನುವಾರ ಅವನಿಗೆ ಏಕಾದಶಿಗಿಂತ ಹೆಚ್ಚು. ಏಕಾದಶಿಯಲ್ಲಿ ತಿಂಡಿಯಾದರೂ ಉಂಟು.

ಊರಿಗೆ ಬರುವಾಗ ಮೈಮೇಲೆ ಎಲೆಚಿತ್ತಾರದ ಅಂಗಿ, ಅದಕ್ಕೆ ಹನ್ನೊಂದು ಜೇಬು, ಕೊರಳಲ್ಲಿ ದುರ್ಬೀನು, ಹೆಗಲಲ್ಲಿ ಕ್ಯಾಮೆರಾ. ಎಂಟು ಗ್ರಾಂ ತೂಗುವ ಉಲಿಯಕ್ಕಿಯನ್ನು ಹಿಡಿಯಲು ಎರಡು ಕಿಲೋ ತೂಗುವ ಲೆನ್ಸು. ಹಕ್ಕಿಗಳಿಗೆ ಕಾಣಬಾರದು ಎಂದು ಹಾಕಿಕೊಂಡ ಆ ಅಂಗಿ ಕಂಡದ್ದೇ ತಡ, ಅಂಚೆಯವನಿಗೂ ಬೊಗಳದ ನಮ್ಮ ಮನೆಯ ನಾಯಿ ಅಂಗಳದಿಂದ ತೋಟದ ತುದಿಯವರೆಗೆ ಬೊಗಳುತ್ತ ಅವನನ್ನು ಬೀಳ್ಕೊಡುತ್ತದೆ. ಆಮೇಲೆ ಆ ತೋಟದಲ್ಲಿ ಹಕ್ಕಿ ಉಳಿಯುವುದಾದರೂ ಹೇಗೆ? ಮಾವ ಮಾತ್ರ ಹವಾಮಾನದ ಮೇಲೆ ಹಾಕುತ್ತಾನೆ.

ಅವನ ಕಷ್ಟ ಬೇರೆಯದೇ. ಲಾಲ್‌ಬಾಗಿನಲ್ಲಿ ದಾರಿ ಇದೆ, ಬೆಂಚು ಇದೆ, ‘ಮೂರನೆಯ ಬೆಂಚಿನ ಎಡಕ್ಕೆ, ಎರಡನೆಯ ಕೊಂಬೆ’ ಅಂದರೆ ಹತ್ತು ದುರ್ಬೀನು ಒಟ್ಟಿಗೆ ತಿರುಗುತ್ತವೆ. ಇಲ್ಲಿ ಎಲ್ಲ ಕಡೆಯೂ ಕೊಂಬೆಯೇ. ಚಹಾದಂಗಡಿಯ ಹಿಂದಿನ ಗುಡ್ಡದಲ್ಲಿ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿದು ಹೋದರೆ ಗ್ಲಾಸು ತೊಳೆಯುವ ಹುಡುಗ ತಲೆ ಎತ್ತುವುದೂ ಇಲ್ಲ. ಮಾವ ಅವನಿಗೆ ತೋರಿಸಲು ಓಡುತ್ತಾನೆ. ಹುಡುಗ ಸಮಾಧಾನದಿಂದ, “ಅದು ದಿನಾ ಹೋಗ್ತದ್ರಾ” ಅನ್ನುತ್ತಾನೆ. ಬೆಂಗಳೂರಿನ ಉದ್ಯಾನದಲ್ಲಿ ಮೂರು ಗಂಟೆ ಸುತ್ತಿ ಇಪ್ಪತ್ತನಾಲ್ಕು ಜಾತಿ ಕಂಡು ಧನ್ಯನಾಗುವ ಮನುಷ್ಯ, ಇಲ್ಲಿ ಮುಖ ತೊಳೆಯುವುದರೊಳಗೆ ಇಪ್ಪತ್ತು ಕೂಗು ಕೇಳಿ ಯಾವುದನ್ನು ಮೊದಲು ಬರೆಯಲಿ ಎಂದು ಕಂಗಾಲಾಗುತ್ತಾನೆ. ಕೊನೆಗೆ ಅಜ್ಜನ ಕಾಲದ ಕಲ್ಲುಮಂಚವನ್ನು ತೋಟದ ನಡುವೆ ಹೊರಿಸಿ ಹಾಕಿಸಿ ಅದಕ್ಕೆ ‘ಒಂದನೆಯ ಬೆಂಚು’ ಎಂದು ಹೆಸರಿಟ್ಟ. ಹೊತ್ತವರಲ್ಲಿ ನಾನೂ ಒಬ್ಬ. ನನ್ನ ಸೊಂಟಕ್ಕೆ ಅದು ಇನ್ನೂ ನೆನಪಿದೆ.

ಮೊದಲ ಬೆಳಗಿನ ಗದ್ದಲ ಪ್ರತಿವರ್ಷ ಒಂದೇ. ಹಿಮಾಲಯದ ತೊರೆಗಳಿಂದ ಬಂದ, ಹಳದಿ ಹೊಟ್ಟೆಯ, ಉದ್ದ ಬಾಲವನ್ನು ಒಂದು ಕ್ಷಣವೂ ಸುಮ್ಮನಿಡದ ಹಕ್ಕಿಯೊಂದು ಹಿತ್ತಿಲ ಕಾಲುವೆಯಲ್ಲಿ ಓಡಾಡುತ್ತಿರುತ್ತದೆ. ಮಾವ ಜಗಲಿಯಿಂದಲೇ ಕೂಗುತ್ತಾನೆ: “ಕುಂಡೆಕುಸ್ಕ! ಕುಂಡೆಕುಸ್ಕ!”

ಅದು ಪುಸ್ತಕದಲ್ಲಿ ಅಚ್ಚಾದ ಹೆಸರು, ಬೂದು ಕುಂಡೆಕುಸ್ಕ. ಆದರೆ ಒಳಗೆ ದೋಸೆ ಹೊಯ್ಯುವ ಅತ್ತೆಯಂದಿರು, ಹಬ್ಬಕ್ಕೆ ಬಂದ ಬೀಗರು. ಎಂಬತ್ತಾರರ ಅಜ್ಜಿ ಅಡಿಗೆಮನೆಯಿಂದಲೇ ಗದರಿಸಿದಳು: “ತಮಾ, ಎಂತಾ ಮಾತು ಅದು?” ಅರವತ್ತೆರಡರ ತಮ್ಮ, ಅದಕ್ಕೆ ಸಿಪಿಲೆ ಎಂಬ ಸಭ್ಯ ಹೆಸರೂ ಇದೆ ಎಂದು ಒಪ್ಪಿಕೊಂಡ. ಉಂಗುರ ತೊಡಿಸಿದ ಇಂಥದೇ ಒಂದು ಹಕ್ಕಿ ಮುಂಬಯಿಯ ಅದೇ ಹುಲ್ಲಂಗಳಕ್ಕೆ ವರ್ಷಾ ವರ್ಷಾ ಮರಳಿದ ಸಲೀಂ ಅಲಿಯವರ ಕತೆಯನ್ನು ಬೀಗರಿಗೆ ಹೇಳಿದ. ದೋಸೆ ಆರಿತು. ಬೀಗರು ಕೇಳಿದ್ದು ಒಂದೇ ಪ್ರಶ್ನೆ: “ಉಂಗುರ ಬಂಗಾರದ್ದಾ?”

ಹಕ್ಕಿ ನೋಡುವ ಈ ಜಾತಿಯವರಿಗೆ ಒಂದು ವಾಕ್ಯ ಕಡ್ಡಾಯ: ‘ನಿನ್ನೆ ಇಲ್ಲೇ ಇತ್ತು.’ ನೀವು ನಿದ್ದೆಗೆಟ್ಟು ಹಿಂದೆ ಹೋದ ದಿನ ಇರುವುದಿಲ್ಲ, ನಿನ್ನೆ ಮಾತ್ರ ಖಂಡಿತ ಇತ್ತು. ಎರಡನೆಯದು, ಎದುರಿಗಿರುವುದಕ್ಕಿಂತ ಇಲ್ಲದ್ದರ ಮೇಲೆ ಪ್ರೀತಿ ಹೆಚ್ಚು. ತಲೆಯ ಮೇಲೆ ಭೀಮರಾಜ ಬಾಲ ಬೀಸಿ ಹತ್ತು ಹಕ್ಕಿಗಳ ದನಿ ಅಣಕಿಸುತ್ತಿದ್ದರೆ ಮಾವ “ಅದು ಇಲ್ಲಿಯದೇ ಬಿಡು” ಎಂದು ಕೈ ಬೀಸಿ, ಎಲೆಯೊಳಗಿನ ಎಲೆಬಣ್ಣದ ಉಲಿಯಕ್ಕಿಯ ರೆಕ್ಕೆಯಲ್ಲಿ ಬಿಳಿಗೆರೆ ಒಂದೋ ಎರಡೋ ಎಂದು ಬೆಂಗಳೂರಿನ ಮೂವರೊಡನೆ ಮನೆಯ ಲ್ಯಾಂಡ್‌ಲೈನಿನಲ್ಲಿ ವಾದಿಸುತ್ತಾನೆ. ಜಮೀನಿನ ಪಾಲು ಇದರರ್ಧ ಹೊತ್ತಿನಲ್ಲಿ ತೀರ್ಮಾನವಾಗಿತ್ತು.

ಕಳೆದ ಸಲ ಕಾರವಾರಕ್ಕೆ ಹೋಗೋಣ, ಕಡಲಕ್ಕಿ ಬಂದಿರುತ್ತವೆ ಎಂದ. ಟಾಗೋರ್ ಕಡಲತೀರದಲ್ಲಿ ದಡಕ್ಕೆ ಏರಿಸಿಟ್ಟ ಚಪಲ್ ಯುದ್ಧನೌಕೆಯ ಹತ್ತಿರ, ಸಂಜೆ ಗಾಳಿಗೆ ಬಂದ ಸಂಸಾರಗಳ ನಡುವೆ ಮಾವ ಮರಳಲ್ಲಿ ಹೊಟ್ಟೆಯಡಿಯಾಗಿ ಮಲಗಿದ. ತಲೆ ಸುತ್ತಿಬಿದ್ದಿರಬೇಕೆಂದು ಒಬ್ಬರು ಸೋಡಾ ತಂದರು. ಹಕ್ಕಿ ನೂರಾ ಹನ್ನೆರಡರವರೆಗೆ ಎಣಿಸಿದ್ದ, ಒಂದು ಮಗು ಕೇಕೆ ಹಾಕಿ ಓಡಿತು, ಅಷ್ಟೂ ಎದ್ದವು. ಮತ್ತೆ ಒಂದರಿಂದ. ನಾಲ್ಕನೆಯ ಸಲ ಎಣಿಸುವಾಗ ಮೀನಿನ ಬುಟ್ಟಿ ಇಳಿಸಿ ಕೂತ ಹೆಂಗಸು ಕೊಂಕಣಿ ಬೆರೆತ ಕನ್ನಡದಲ್ಲಿ ಕೇಳಿದಳು, ಸರಕಾರದಿಂದ ಬಂದದ್ದೋ? ಮಾವ ಅಲ್ಲವೆಂದ. ಹಾಗಾದರೆ ಯಾಕೆ ಎಣಿಸುವುದು? ತಾರ್ಲೆ ದೋಣಿ ಬಂದರೆ ಬರ್ತಾವೆ, ಖಾಲಿಯಾದರೆ ಹೋಗ್ತಾವೆ. ಮಾವ ಪುಸ್ತಕ ತೆಗೆದು ‘ಸುಮಾರು’ ಎಂದು ಬರೆದ. ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಎಂಟರವರೆಗೆ ಕೂರುತ್ತಿದ್ದವನು ಆ ‘ಸುಮಾರು’ ಬರೆಯುವಾಗ ಅವನ ಮುಖ ನೋಡಲಾಗಲಿಲ್ಲ.

ಜನವರಿಯಲ್ಲಿ ಕೈಗಾ ಅಣುಸ್ಥಾವರದ ಹಕ್ಕಿ ಮ್ಯಾರಥಾನ್ ಇದೆಯಲ್ಲ, ಅಲ್ಲಿಗೂ ಹೋಗುವ ಆಸೆ ಅವನಿಗೆ. ಅದಕ್ಕೆ ಮೊದಲು ರಾಜಹಕ್ಕಿ ಪಟ್ಟಿಗೆ ಸೇರಬೇಕು. ಅಚ್ಚ ಬಿಳಿಯ ಗಂಡು, ಮೊಳದುದ್ದ ರಿಬ್ಬನ್ನಿನಂಥ ಜೋಡಿ ಬಾಲ. ಎಂಟು ದಿನ ನಸುಕಿನಲ್ಲಿ ಎದ್ದ, ಉಂಬಳಗಳಿಗೆ ರಕ್ತದಾನ ಮಾಡಿದ. ಸಿಗಲಿಲ್ಲ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇರೆ ಸಿಗುವುದಿಲ್ಲ, ದಿನದ ಪಟ್ಟಿ ಕಳಿಸಲು ಮಧ್ಯಾಹ್ನ ಮೂರಕ್ಕೆ ಹೆದ್ದಾರಿಯ ತಿರುವಿಗೆ ಹೋಗಬೇಕು. ಹೊರಡುವ ದಿನ ಹಾಗೆ ಹೋಗಿ, ಕಳಿಸಿ, ಬಂದ. ಅಜ್ಜಿ ಪಾತ್ರೆ ತೊಳೆದ ನೀರು ಚೆಲ್ಲುತ್ತಿದ್ದಳು.

“ಬಿಳೀ ಬಾಲದ ಹಕ್ಕಿ ಈಗ ಮಿಂದ್ಕಂಡು ಹೋತು ನೋಡು. ಬಚ್ಚಲ ಹಿಂದಿನ ತೊಟ್ಟಿಲಿ.”

ಮಾವನ ದನಿ ಹೊರಡಲಿಲ್ಲ. “ಯಾವಾಗ?”

“ನಿನ್ನೆನೂ ಇಲ್ಲೇ ಇತ್ತು.”

ತಾನು ಕಾಣದ್ದನ್ನು ಪಟ್ಟಿಗೆ ಸೇರಿಸುವಂತಿಲ್ಲ. ಬಸ್ಸಿಗೆ ಹೊತ್ತಾಗುವವರೆಗೆ ತೊಟ್ಟಿಯ ಪಕ್ಕ ಕೂತ. ಬಂದದ್ದು ಒಂದು ಪಿಕಳಾರ, ಎರಡು ಗೊರವಂಕ, ಮತ್ತು ನಾಯಿ.

ಮೊದಲೆಲ್ಲ ತಿಂಗಳಿಗೊಮ್ಮೆ ಫೋನು ಮಾಡುತ್ತಿದ್ದವನು ಈಗ ದಿನಾ ಮೂರೂವರೆಗೆ ಮನೆಯ ಲ್ಯಾಂಡ್‌ಲೈನಿಗೆ ಮಾಡುತ್ತಾನೆ. ಆರೋಗ್ಯ, ಮಳೆ, ಅಡಿಕೆ ರೇಟು ಯಾವುದೂ ಇಲ್ಲ, ನೇರ “ಆಯಿ, ಬಂತಾ?” ಕಳೆದ ವಾರ ನಾನು ಅಲ್ಲೇ ಇದ್ದೆ. ಅಜ್ಜಿ ಊಟ ಮುಗಿಸಿ ಮಲಗಿದವಳು ಗಂಟೆ ಬಾರಿಸಿದಾಗಲೇ ಎದ್ದದ್ದು. ಹಿತ್ತಿಲ ಬಾಗಿಲಿಗೆ ಆಗಳಿ ಹಾಕಿತ್ತು.

“ಬಂದಿತ್ತು,” ಅಂದಳು, ಕುರ್ಚಿ ಎಳೆದುಕೊಂಡು ಕೂರುತ್ತ. “ಇವತ್ತು ಎರಡು ಬಂದಿತ್ತು, ತಮಾ.”

ಆ ಕಡೆಯಿಂದ ಮಾವ ಗಂಡೋ ಹೆಣ್ಣೋ ಎಂದು ಕೇಳುವುದು ನನಗೂ ಕೇಳಿಸಿತು.