ಗಾಳಿ ಮಾತು

ಕಾರಿಗೆ ಹೊಸ ಟೈರು ಹಾಕಿಸಿದ ಸುದ್ದಿಯನ್ನು ನೆಂಟರಿಗೆ ಹೇಳಬಾರದು. ಟೈರಿನ ದುಡ್ಡು ಒಂದೇ ಸಲ ಕೊಟ್ಟು ಮುಗಿಯುತ್ತದೆ, ಸಲಹೆ ಮುಗಿಯುವುದಿಲ್ಲ. ಎಂಜಿನ್ನು, ಗೇರ್‌ಬಾಕ್ಸು ಅಂದರೆ ಜನ ಬಾಯಿ ತೆರೆಯುವ ಮುಂಚೆ ಕೊಂಚ ಅಳುಕುತ್ತಾರೆ. ಗಾಳಿಗೆ ಆ ಅಳುಕಿಲ್ಲ. ಎಲ್ಲರಿಗೂ ಪುಕ್ಕಟೆ ಸಿಗುವ ಪದಾರ್ಥ, ಹಾಗಾಗಿ ಅಭಿಪ್ರಾಯವೂ ಪುಕ್ಕಟೆ.

ನನ್ನ ಸುತ್ತ ಈ ವಿಷಯದಲ್ಲಿ ಮೂರು ಮತಗಳಿವೆ. ಮಾವನವರದು 24ರ ಮತ. ‘ನಮ್ಮ ಅಂಬಾಸಿಡರಿಗೆ 24ರ ಮೇಲೆ ಹೊಡೆಸಿದ್ದೇ ಇಲ್ಲ ಅಳಿಯಂದಿರೇ. ಹಿಂದಿನ ಸೀಟಿನವರಿಗೆ ತಿರುಪತಿ ಬರೋವರೆಗೂ ಎಚ್ಚರ ಆಗ್ತಿರಲಿಲ್ಲ’ ಅನ್ನುತ್ತಾರೆ. ಆ ಅಂಬಾಸಿಡರ್ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದರ ಟೈರಿನೊಳಗೆ ಟ್ಯೂಬಿತ್ತು, ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ ಹಾಯ್ದಿರುತ್ತಿದ್ದವು. ಈಗಿನದು ಉಕ್ಕಿನ ತಂತಿಯ ಪಟ್ಟಿಯುಳ್ಳ ರೇಡಿಯಲ್, ಟ್ಯೂಬಿನ ಮಾತೇ ಇಲ್ಲ. ಕಾರು ಹೋಯಿತು, ಟ್ಯೂಬು ಹೋಯಿತು, ಮಾವನವರ 24 ಮಾತ್ರ ಕದಲಿಲ್ಲ.

ಎರಡನೆಯದು ಪೆಟ್ರೋಲ್ ಬಂಕಿನ ಹುಡುಗನ 35ರ ಮತ. ಪುಟ್ಟ ಕಾರು ಬರಲಿ, ಏಳು ಜನ ಕೂರುವ ದೈತ್ಯ ಬರಲಿ, ಅವನಲ್ಲಿ ಭೇದಭಾವವಿಲ್ಲ. ‘ಎಷ್ಟು ಸಾರ್?’ ಎಂದು ಕೇಳುವುದೇನೋ ಕೇಳುತ್ತಾನೆ, ಆದರೆ ನಾವು ಬಾಯಿ ಬಿಡುವಷ್ಟರಲ್ಲಿ ಮೆಷಿನ್ನಿನಲ್ಲಿ 35 ಒತ್ತಿಯಾಗಿರುತ್ತದೆ.

ಮೂರನೆಯದು ಭಾಮೈದನದು. ಅವನು ಓದಿಕೊಂಡವನು. ಹೊಸ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊಬೈಲ್ ಟಾರ್ಚು ಬಿಟ್ಟು, ಕರಿ ಮೇಲೆ ಕರಿಯಾಗಿ ಮೂಡಿದ್ದ ಅಕ್ಷರಗಳನ್ನು ಶಾಸನ ತಜ್ಞನ ಶ್ರದ್ಧೆಯಿಂದ ಓದಿ, ‘ಭಾವ, 51! ಕಂಪನಿಯವನೇ ಬರೆದಿದಾನೆ’ ಎಂದ. ಬರೆದದ್ದು ನಿಜ. ಆದರೆ ಅದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ಮದುವೆ ಮನೆಯಲ್ಲಿ ಪಂಥ ಕಟ್ಟಿ ಇವನು ಎಷ್ಟು ಹೋಳಿಗೆ ತಿನ್ನಬಲ್ಲ ಎಂಬುದು ನಮಗೆಲ್ಲ ಗೊತ್ತು. ಹಾಗಂತ ನನ್ನ ಹೆಂಡತಿ ತಮ್ಮ ಬಂದಾಗಲೆಲ್ಲ ಅಷ್ಟನ್ನೂ ಎಲೆಗೆ ಹಾಕುವುದಿಲ್ಲ.

ಕೇಳಬೇಕಾದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಡ್ರೈವರ್ ಕಡೆಯ ಬಾಗಿಲು ತೆರೆದರೆ ಅಲ್ಲೇ ಕಂಬದ ಮೇಲೆ ಕಾರು ಮಾಡಿದವರು ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮದರಲ್ಲಿ ಇರುವುದು ಇಷ್ಟು: ಮೂವರಿದ್ದರೆ ನಾಲ್ಕಕ್ಕೂ 32, ಕಾರು ತುಂಬಿ ಸಾಮಾನೂ ಇದ್ದರೆ ಹಿಂದಿನ ಎರಡಕ್ಕೆ 36. ಕಾರಿನ ತೂಕ, ಸಸ್ಪೆನ್ಷನ್ನು, ತಿರುವಿನಲ್ಲಿ ಅದು ವಾಲುವ ಬಗೆ ಎಲ್ಲವನ್ನೂ ನೋಡಿ ಇಟ್ಟ ಅಂಕಿ. ಟೈರು ಮಾಡಿದವನಿಗೆ ತನ್ನ ಟೈರು ಯಾವ ಕಾರಿನ ಕಾಲಡಿ ಸೇರುತ್ತದೋ ಗೊತ್ತಿರುವುದಿಲ್ಲ, ಪಾಪ. ಆದ್ದರಿಂದ ಅದೇ ಅಳತೆಯ, ಅಷ್ಟೇ ಭಾರ ಹೊರುವ ಟೈರು ಹಾಕಿಸಿದರೆ ಕಂಪನಿ ಯಾವುದಾದರೂ ಚೀಟಿಯ ಅಂಕಿಯೇ ಅಂಕಿ. ಇಷ್ಟು ಸುಲಭವಾದ ಉತ್ತರ ಭಾಮೈದನಿಗೆ ಹಿಡಿಸಲಿಲ್ಲ. ‘ಟೈರು ಬೇರೆ, ಕಂಪನಿ ಬೇರೆ, ಗಾಳಿ ಮಾತ್ರ ಅದೇನಾ?’ ಎಂದು ನೊಂದುಕೊಂಡ.

ಅಳತೆ ಬದಲಾದರೆ ಕಥೆ ಬೇರೆ. ನಮ್ಮ ಟೈರಿನ ಮೇಲೆ 185/65 ಆರ್15 88ಎಚ್ ಎಂದಿದೆ. ಅಗಲ ಮಿಲಿಮೀಟರಿನಲ್ಲಿ, ಎತ್ತರ ಅಗಲದ ಶೇಕಡಾವಾರಿನಲ್ಲಿ, ರಿಮ್ಮು ಇಂಚಿನಲ್ಲಿ. ಯಾರ ಮನಸ್ಸನ್ನೂ ನೋಯಿಸಬಾರದೆಂದು ಸಮಿತಿಯೊಂದು ಕೂತು ಮಾಡಿದಂತಿದೆ. 88 ಎಂದರೆ ಟೈರೊಂದು 560 ಕಿಲೋ ಹೊರುತ್ತದೆಂಬ ಸಂಕೇತ. ಟೈರ್ ಅಂಗಡಿಯವರು ‘195 ಹಾಕ್ಸಿ ಸಾರ್, ರೋಡ್ ಹಿಡಿಯುತ್ತೆ, ಲುಕ್ ಬರುತ್ತೆ’ ಎಂದರು. 195/65 ಹಾಕಿಸಿದರೆ ಚಕ್ರದ ವ್ಯಾಸ 13 ಮಿಲಿಮೀಟರ್ ಬೆಳೆಯುತ್ತದೆ, ಅದರಿಂದ ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಶೇಕಡಾ 2ರಷ್ಟು ಹಿಂದೆ ಬೀಳುತ್ತದೆ. ಗಾಳಿಗೂ ಟೈರು ಕಂಪನಿಯ ಕೋಷ್ಟಕ ಹಿಡಿದು ಯಾವ ಒತ್ತಡಕ್ಕೆ ಎಷ್ಟು ಭಾರ ಎಂದು ಲೆಕ್ಕ ಹಾಕಬೇಕು. ಕೋಷ್ಟಕಗಳ ಸಹವಾಸ ಕಾಲೇಜಿಗೇ ಮುಗಿಯಿತೆಂದು ನೆಮ್ಮದಿಯಾಗಿದ್ದವನು ನಾನು. ಹಳೇ ಅಳತೆಯದೇ ಹಾಕಿ ಎಂದೆ. ‘ನೈಟ್ರೋಜನ್?’ ಎಂದರು. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಉಳಿದ 22ಕ್ಕಷ್ಟೇ ಬಿಲ್ ಮಾಡಿ ಎಂದೆ. ಅವರು ನಗಲಿಲ್ಲ. ನನ್ನವಳಿಗೆ ಮಾತ್ರ ನೈಟ್ರೋಜನ್ ಜೊತೆ ಬರುವ ಹಸಿರು ಮುಚ್ಚಳ ಕೈ ತಪ್ಪಿದ್ದಕ್ಕೆ ಈಗಲೂ ಬೇಸರ.

ಕಾರನ್ನು ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ನಮ್ಮನ್ನೂ ಸೇರಿಸಿ ಕಾರು 1200 ಕಿಲೋ ಎನ್ನಿ. ಚಕ್ರಕ್ಕೆ 300 ಕಿಲೋ. 32 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ ಎರಡೂಕಾಲು ಕಿಲೋ. ಭಾಗಿಸಿದರೆ ಪ್ರತಿ ಚಕ್ರವೂ ನೆಲ ಮುಟ್ಟುವ ಜಾಗ ಸುಮಾರು 130 ಚದರ ಸೆಂಟಿಮೀಟರ್, ಬೆರಳು ಸೇರಿಸಿದ ಒಂದು ಅಂಗೈ. ಗಾಳಿ ಕಮ್ಮಿಯಾದರೆ ಅಂಗೈ ಹರಡಿಕೊಂಡು ಟೈರಿನ ಎರಡೂ ಅಂಚು ಸವೆಯುತ್ತವೆ. ಹೆಚ್ಚಾದರೆ ನಡು ಉಬ್ಬಿ ನಡುವೇ ಸವೆಯುತ್ತದೆ. ಈ ಲೆಕ್ಕವನ್ನು ಮಾವನವರಿಗೆ ಹೇಳಿದೆ. ಅಂದಿನಿಂದ ನಾನು ಎಂಬತ್ತು ದಾಟಿಸಿದರೆ ಸಾಕು, ‘ನಾಲ್ಕು ಅಂಗೈ ಮೇಲೆ ಹೋಗ್ತಿದೀವಿ, ನೆನಪಿರಲಿ’ ಎನ್ನುತ್ತಾರೆ.

ಬೇಸಿಗೆಯಲ್ಲಿ ಗಾಳಿ ಕಮ್ಮಿ ಮಾಡಿಸಬೇಕು, ಇಲ್ಲದಿದ್ದರೆ ಟೈರು ಸಿಡಿಯುತ್ತದೆ ಎಂಬುದು ಅವರ ಇನ್ನೊಂದು ನಂಬಿಕೆ. ಅವರೊಬ್ಬರದೇ ಅಲ್ಲ, ಅರ್ಧ ಕರ್ನಾಟಕದ್ದು. ನಡೆಯುವುದು ತಿರುಗುಮುರುಗು: ಗಾಳಿ ಕಮ್ಮಿಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿ ಬಾಗಿ ಕಾಯುತ್ತದೆ, ಕಾದು ಕೆಡುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಬಂದಿಳಿದ ಬಿಸಿ ಟೈರು 36 ತೋರಿಸಿತೆಂದು ಗಾಳಿ ಬಿಡಿಸಿದರೆ, ರಾತ್ರಿ ಕಳೆದು ತಣ್ಣಗಾದಾಗ ಅದು 32ಕ್ಕಿಂತ ಕೆಳಗಿಳಿದಿರುತ್ತದೆ. ಹವೆ ಹತ್ತು ಡಿಗ್ರಿ ಇಳಿದರೂ ಒಂದೂವರೆ ಎರಡು ಪಿಎಸ್‌ಐ ತಾನಾಗಿ ಇಳಿಯುತ್ತದೆ. ಚೀಟಿಯ ಅಂಕಿ ತಣ್ಣನೆಯ ಟೈರಿನದು: ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬಂಕು ಮನೆಯಿಂದ ಐದು ಕಿಲೋಮೀಟರ್. ಗಾಳಿ ಅಳೆಸಲು ಹೋದರೆ ಅಳತೆಯೇ ಕೆಡುತ್ತದೆ.

ಹಾಗಾಗಿ ಒಂದು ಪುಟ್ಟ ಗೇಜು ಕೊಂಡೆ. ಬೀದಿಯ ಹೆಂಗಸರು ರಂಗೋಲಿ ಹಾಕುವ ಹೊತ್ತಿಗೆ ನಾನೂ ಹೊರಗೆ ಬಂದು ಕಾರಿನ ನಾಲ್ಕು ದಿಕ್ಕಿಗೂ ಮಂಡಿಯೂರಿ ಏಳುತ್ತೇನೆ. ಪಕ್ಕದ ಮನೆಯವರು ನನ್ನವಳನ್ನು ಮೆಲ್ಲಗೆ ಕೇಳಿದರಂತೆ, ‘ಯಜಮಾನರು ಏನಾದ್ರೂ ವ್ರತ ಹಿಡಿದಿದಾರಾ?’ ಗೇಜಿಗೂ ಬಂಕಿನ ಮೆಷಿನ್ನಿಗೂ ಹೊಂದಾಣಿಕೆಯಿಲ್ಲ ಎಂಬುದು ಆಮೇಲೆ ತಿಳಿಯಿತು. ಹುಡುಗನನ್ನು ಕೇಳಿದರೆ, ‘ನಮ್ ಮೆಷಿನ್ನು ಮೂರು ಜಾಸ್ತಿ ತೋರ್ಸುತ್ತೆ ಸಾರ್, ಅದಕ್ಕೇ 35 ಹಾಕೋದು’ ಎಂದ. ಅಷ್ಟು ದಿನ ಅವನು ಹೊಡೆಯುತ್ತಿದ್ದದ್ದು 32 ಎಂದಾಯಿತು. ಬೇರೆಯವರ ಕಾರುಗಳ ಗತಿ ದೇವರಿಗೇ ಗೊತ್ತು.

ಕಳೆದ ಮಳೆಗಾಲ ಎಲ್ಲರೂ ಭಾಮೈದನ ಕಾರಿನಲ್ಲಿ ಧರ್ಮಸ್ಥಳಕ್ಕೆ ಹೊರಟೆವು. ಅವನದೂ ನಮ್ಮದೇ ಮಾಡಲ್ಲು. ಸಕಲೇಶಪುರ ದಾಟುವ ಮುಂಚೆ ಮೊಳೆ ಚುಚ್ಚಿತು. ಡಿಕ್ಕಿಯಿಂದ ಬ್ಯಾಗುಗಳು, ಕೊಡೆಗಳು, ಚಕ್ಕುಲಿ ಡಬ್ಬ, ಮಾವನವರ ಮಡಿ ಪಂಚೆ ಎಲ್ಲ ರಸ್ತೆಬದಿಗೆ ಇಳಿದ ಮೇಲೆ ತಳದಲ್ಲಿದ್ದ ಸ್ಟೆಪ್ನಿ ಸಿಕ್ಕಿತು. ನನ್ನ ಗೇಜು ಹಿಡಿದರೆ 11. ನಾಲ್ಕು ಚಕ್ರಗಳ ಮೇಲೆ ಅಷ್ಟೆಲ್ಲ ವಾದ ಮಾಡಿದ ಭಾಮೈದ ಐದನೆಯದನ್ನು ಕಾರು ಕೊಂಡ ಮೇಲೆ ಮುಟ್ಟಿಯೇ ಇರಲಿಲ್ಲ. ಅದನ್ನು ಉರುಳಿಸಿಕೊಂಡು ಪಂಕ್ಚರ್ ಅಂಗಡಿಗೆ ಹೋದೆವು.

‘ಇದಕ್ಕೆಷ್ಟು?’ ಎಂದು ಅಂಗಡಿಯವನು ಕೇಳಿದ.

‘ಇಪ್ಪತ್ನಾಲ್ಕು’ ಎಂದರು ಮಾವ. ‘ಐವತ್ತೊಂದರ ತನಕ ತಡೆಯುತ್ತೆ’ ಎಂದ ಭಾಮೈದ. ಇಬ್ಬರಲ್ಲಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಅವನು 35 ಹೊಡೆದ. ಸ್ಟೆಪ್ನಿಗೆ ಚೀಟಿಯಲ್ಲಿರುವ ದೊಡ್ಡ ಅಂಕಿ ಹಾಕಿಸಬೇಕು, ಮುಂದಕ್ಕೆ ಬೇಕಾದರೆ ಇಳಿಸಿಕೊಳ್ಳಬಹುದಲ್ಲ.

‘ಇನ್ನೊಂದು ಹೊಡಿಯಪ್ಪ’ ಎಂದೆ.